ಬೆಂಗಳೂರಿನಿಂದ ಕ್ರೂಸ್: ಹಡಗು ಹತ್ತುವ ಮುಂಚೆ, ಹತ್ತಿದ ಮೇಲೆ

ನಮ್ಮ ಊರಿಗೆ ಸಮುದ್ರ ಇಲ್ಲ. ಮಂಗಳೂರಿಗೆ ಹೋದರೂ, ಚೆನ್ನೈಗೆ ಹೋದರೂ ಸುಮಾರು 350 ಕಿಲೋಮೀಟರ್. ಆದರೂ ಕಳೆದ ಹನ್ನೆರಡು ವರ್ಷದಲ್ಲಿ ನಾನು ಒಂಬತ್ತು ಸಲ ಕ್ರೂಸ್ ಹಡಗು ಹತ್ತಿದ್ದೇನೆ. ಎರಡು ಸಲ ಮುಂಬೈನಿಂದ, ಐದು ಸಲ ಸಿಂಗಪುರದಿಂದ, ಎರಡು ಸಲ ಯುರೋಪಿನಲ್ಲಿ. ಈಗ ಹನುಮಂತನಗರದ ನಮ್ಮ ಬೀದಿಯಲ್ಲಿ ಯಾರು ಟಿಕೆಟ್ ಮಾಡಿಸಿದರೂ ಒಂದು ಸಂಜೆ ಮನೆಗೆ ಬಂದು ಕೂರುತ್ತಾರೆ. ವಾಂತಿ ಆಗುತ್ತಾ? ಸಸ್ಯಾಹಾರ ಸಿಗುತ್ತಾ? ವಯಸ್ಸಾದ ಅಮ್ಮನ್ನ ಕರ್ಕೊಂಡು ಹೋಗ್ಬಹುದಾ? ಎಲ್ಲರದೂ ಇದೇ ಪ್ರಶ್ನೆಗಳು. ಅವರಿಗೆ ಕಾಫಿ ಕೊಟ್ಟು ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಬಸ್ಸು ಸ್ವಲ್ಪ ಕಾಯುತ್ತದೆ, ರೈಲು ತಪ್ಪಿದರೆ ಇನ್ನೊಂದು ಸಿಗುತ್ತದೆ. ಹಡಗು ಹೊರಟರೆ ಹೊರಟಿತು. ಅದಕ್ಕೇ ಗಡಿಬಿಡಿಯನ್ನೆಲ್ಲ ಬೆಂಗಳೂರಿನಲ್ಲೇ ಮುಗಿಸಿಕೊಳ್ಳಬೇಕು. ಇಲ್ಲಿ ತಿಂಗಳುಗಟ್ಟಲೆ ಮುಂಚೆ ಮಾಡಿದ ಸಣ್ಣ ಸಣ್ಣ ಕೆಲಸ ಅಲ್ಲಿ ನಾಲ್ಕು ದಿನದ ನೆಮ್ಮದಿ ಕೊಡುತ್ತದೆ.

ಹಂತ 1: ಯಾವ ಹಡಗು, ಯಾವ ತಿಂಗಳು

ಮೊದಲ ಸಲ ಹೋಗುವವರಿಗೆ ಮೂರು ಅಥವಾ ನಾಲ್ಕು ರಾತ್ರಿಯ ಪ್ರಯಾಣ ಸಾಕು. ಸಮುದ್ರ ನಿಮಗೆ ಒಗ್ಗುತ್ತದಾ ಅಂತ ಅಷ್ಟರಲ್ಲೇ ಗೊತ್ತಾಗುತ್ತದೆ.

ಪಾಸ್‌ಪೋರ್ಟ್ ಇಲ್ಲದೆ ಶುರು ಮಾಡಬೇಕು ಅಂದರೆ ಮುಂಬೈ. ಕಾರ್ಡೇಲಿಯಾ ಕಂಪನಿಯ ಎಂಪ್ರೆಸ್ ಹಡಗು 2021ರಿಂದ ಮುಂಬೈ, ಗೋವಾ, ಕೊಚ್ಚಿ, ಲಕ್ಷದ್ವೀಪದ ಕಡೆ ಓಡಾಡಿದೆ. ಇದು 1990ರಲ್ಲಿ ಕಟ್ಟಿದ, 211 ಮೀಟರ್ ಉದ್ದದ ಹಡಗು. ಮೊದಲ ಸಲಕ್ಕೆ ಈ ಅಳತೆ ಒಳ್ಳೆಯದು ಅಂತ ನನ್ನ ಅನಿಸಿಕೆ. ಎಲ್ಲಿದ್ದೇವೆ ಅಂತ ಒಂದೇ ದಿನದಲ್ಲಿ ತಿಳಿಯುತ್ತದೆ. ಹಿಂದೆ ಸಿಂಗಪುರದಿಂದ ಹೊರಡುತ್ತಿದ್ದ ಸ್ಪೆಕ್ಟ್ರಮ್ ಆಫ್ ದಿ ಸೀಸ್‌ನಂಥ ಹಡಗುಗಳು ಬೇರೆಯೇ ಲೋಕ. 347 ಮೀಟರ್ ಉದ್ದ, ನಾಲ್ಕು ಸಾವಿರಕ್ಕೂ ಜಾಸ್ತಿ ಜನ. ಮಕ್ಕಳಿಗೆ ಅಲ್ಲಿ ಬಿಡುವೇ ಇರುವುದಿಲ್ಲ. ಮಂಡಿನೋವಿರುವವರಿಗೆ ಮಾತ್ರ ಕ್ಯಾಬಿನ್ನಿನಿಂದ ಊಟದ ಹಾಲಿಗೆ ಹೋಗುವುದೇ ಒಂದು ವಾಕಿಂಗ್. ಗಾಲಿಕುರ್ಚಿ ಬೇಕಿದ್ದರೆ ಟಿಕೆಟ್ ಮಾಡಿಸುವಾಗಲೇ ಹೇಳಿ. ನಮ್ಮ ಅಮ್ಮ ಹೊರಡುವ ಎರಡು ತಿಂಗಳು ಮುಂಚಿನಿಂದ ಲಾಲ್‌ಬಾಗ್‌ನಲ್ಲಿ ದಿನಾ ಅರ್ಧ ಗಂಟೆ ನಡೆದು ಅಭ್ಯಾಸ ಮಾಡಿಕೊಂಡರು. ಅದು ತುಂಬಾ ಉಪಯೋಗಕ್ಕೆ ಬಂತು.

ತಿಂಗಳ ವಿಷಯದಲ್ಲಿ ನಾನು ಹಟ ಹಿಡಿಯುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅರಬ್ಬೀ ಸಮುದ್ರ ಕೆರಳಿರುತ್ತದೆ. ಪಶ್ಚಿಮ ಕರಾವಳಿಗೆ ನವೆಂಬರ್‌ನಿಂದ ಮಾರ್ಚ್ ಒಳ್ಳೆಯ ಕಾಲ. ಸಿಂಗಪುರದಿಂದ ಮಲೇಷ್ಯಾ ಕಡೆ ಹೋಗುವ ಮಲಕ್ಕಾ ಜಲಸಂಧಿ ಎರಡೂ ಬದಿಯಲ್ಲಿ ನೆಲ ಇರುವ ನೀರು. ಅಲ್ಲಿ ಅಲೆ ಕಡಿಮೆ. ಹೆದರುವವರನ್ನು ನಾನು ಮೊದಲು ಕಳಿಸುವುದು ಆ ದಾರಿಗೇ.

ಹಂತ 2: ಕ್ಯಾಬಿನ್ ಆರಿಸುವುದು

ದುಡ್ಡು ಹೆಚ್ಚು ಕೊಟ್ಟರೆ ಒಳ್ಳೆಯ ಕ್ಯಾಬಿನ್ ಸಿಗುತ್ತದೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅದು ಅರ್ಧ ಮಾತ್ರ ನಿಜ. ಕ್ಯಾಬಿನ್ ಹಡಗಿನ ಯಾವ ಜಾಗದಲ್ಲಿದೆ ಅನ್ನುವುದು ಅದಕ್ಕಿಂತ ಮುಖ್ಯ.

ಪಾರ್ಕಿನಲ್ಲಿ ಮಕ್ಕಳು ಆಡುವ ಸೀಸಾ ನೋಡಿದ್ದೀರಲ್ಲ? ಎರಡು ತುದಿ ಮೇಲೆ ಕೆಳಗೆ ಹೋಗುತ್ತವೆ, ನಡುವಿನ ಭಾಗ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಹಡಗೂ ಹಾಗೇ. ಮೂತಿಯ ಕಡೆ, ಬಾಲದ ಕಡೆ ಕುಲುಕಾಟ ಜಾಸ್ತಿ. ಎತ್ತರದ ಡೆಕ್‌ಗಳಲ್ಲಿ, ಅಂದರೆ ಮೇಲಿನ ಮಹಡಿಗಳಲ್ಲಿ, ಪಕ್ಕಕ್ಕೆ ವಾಲುವುದು ಜಾಸ್ತಿ. ತಲೆ ಸುತ್ತುವ ಭಯ ಇದ್ದರೆ ಹಡಗಿನ ನಡುವೆ, ಕೆಳಗಿನ ಡೆಕ್ ಕೇಳಿ. ಅದೃಷ್ಟಕ್ಕೆ ಆ ಕ್ಯಾಬಿನ್‌ಗಳಿಗೆ ಎಷ್ಟೋ ಸಲ ಬೆಲೆಯೂ ಕಡಿಮೆ.

ಇನ್ನು ಸದ್ದು. ಹಡಗಿನ ಡೆಕ್ ನಕ್ಷೆ ಕಂಪನಿಯ ವೆಬ್‌ಸೈಟಿನಲ್ಲಿ ಇರುತ್ತದೆ. ಅದನ್ನು ತೆರೆದು ನಿಮ್ಮ ಕ್ಯಾಬಿನ್ನಿನ ಮೇಲೆ ಏನಿದೆ, ಕೆಳಗೆ ಏನಿದೆ ಅಂತ ನೋಡಿ. ಮೇಲೆಯೂ ಕ್ಯಾಬಿನ್, ಕೆಳಗೆಯೂ ಕ್ಯಾಬಿನ್ ಇದ್ದರೆ ಕಣ್ಣು ಮುಚ್ಚಿ ತೆಗೆದುಕೊಳ್ಳಿ. ಈಜುಕೊಳದ ಕೆಳಗಿನ ಕ್ಯಾಬಿನ್ ಬೇಡ. ಬೆಳಗಿನ ಜಾವ ಐದೂವರೆಗೆ ನೌಕರರು ಒರಗು ಕುರ್ಚಿಗಳನ್ನು ಎಳೆದು ಸಾಲಾಗಿ ಜೋಡಿಸುತ್ತಾರೆ. ನನ್ನ ಎರಡನೇ ಪ್ರಯಾಣದಲ್ಲಿ ನಾಲ್ಕು ದಿನವೂ ಆ ಗರಗರ ಸದ್ದಿಗೇ ಎಚ್ಚರವಾಯಿತು. ನಾಟಕದ ಹಾಲಿನ ಮೇಲಿನ ಕ್ಯಾಬಿನ್, ಲಿಫ್ಟಿನ ಎದುರಿನ ಕ್ಯಾಬಿನ್ ಕೂಡ ಬೇಡ. ಆದರೆ ವಯಸ್ಸಾದವರಿದ್ದರೆ ಲಿಫ್ಟಿನಿಂದ ಮೂರು ನಾಲ್ಕು ಬಾಗಿಲು ಆಚೆ ಇರಲಿ, ತೀರಾ ದೂರ ಬೇಡ.

ಕಿಟಕಿ ಇಲ್ಲದ ಒಳಗಿನ ಕ್ಯಾಬಿನ್ ಎಲ್ಲಕ್ಕಿಂತ ಅಗ್ಗ. ದೀಪ ಆರಿಸಿದರೆ ಕಗ್ಗತ್ತಲು. ನನಗೆ ಅಲ್ಲಿ ಒಳ್ಳೆಯ ನಿದ್ದೆ ಬರುತ್ತದೆ. ಅಮ್ಮನಿಗೆ ಮಾತ್ರ ಮೊದಲ ರಾತ್ರಿ ಉಸಿರು ಕಟ್ಟಿದ ಹಾಗಾಯಿತು. ಅಮ್ಮ ಜೊತೆಗಿದ್ದರೆ ಆಮೇಲಿನಿಂದ ಬಾಲ್ಕನಿ ಕ್ಯಾಬಿನ್ನೇ. ಬೆಳಿಗ್ಗೆ ಆರಕ್ಕೆ ಅವರು ಶಾಲು ಹೊದ್ದು ಬಾಲ್ಕನಿಯಲ್ಲಿ ಕೂತು ವಿಷ್ಣು ಸಹಸ್ರನಾಮ ಹೇಳಿಕೊಳ್ಳುತ್ತಿದ್ದರು. ಎದುರಿಗೆ ಬರೀ ನೀರು, ನೀರಿನ ಮೇಲೆ ತಾಮ್ರದ ತಟ್ಟೆಯ ಹಾಗೆ ಸೂರ್ಯ. ಆ ಒಂದು ನೋಟಕ್ಕೆ ಎಷ್ಟು ದುಡ್ಡು ಕೊಟ್ಟರೂ ನನಗೆ ಹೆಚ್ಚು ಅನಿಸಿಲ್ಲ.

ಬೆಲೆ ಯಾವಾಗಲೂ ಇಬ್ಬರ ಲೆಕ್ಕದಲ್ಲಿ ಇರುತ್ತದೆ. ಒಬ್ಬರೇ ಹೋದರೆ ಹೆಚ್ಚುಕಡಿಮೆ ಇಬ್ಬರ ದುಡ್ಡು. ಅದೇ ಕ್ಯಾಬಿನ್ನಿನಲ್ಲಿ ಮೂರನೆಯವರು, ನಾಲ್ಕನೆಯವರು ಇದ್ದರೆ ಅವರಿಗೆ ಕಡಿಮೆ. ಆದರೆ ನಾಲ್ವರು ದೊಡ್ಡವರು ಒಂದೇ ಕ್ಯಾಬಿನ್ನಿನಲ್ಲಿ ಬೇಡ. ಬಾತ್‌ರೂಮ್ ಒಂದೇ, ಅದೂ ಚಿಕ್ಕದು.

ಹಂತ 3: ಖರ್ಚಿನ ಲೆಕ್ಕ

ಜಾಹೀರಾತಿನಲ್ಲಿ ಕಾಣುವುದು ಬರೀ ಮೂಲ ದರ. ಅದರ ಮೇಲೆ ಬಂದರು ಶುಲ್ಕ, ತೆರಿಗೆ ಬರುತ್ತದೆ. ಆಮೇಲೆ ಟಿಪ್ಸ್. ವಿದೇಶಿ ಹಡಗುಗಳಲ್ಲಿ ಅದನ್ನು ಕಂಪನಿಯೇ ದಿನಕ್ಕೆ ಇಷ್ಟು ಅಂತ ಹಾಕುತ್ತದೆ. ದೊಡ್ಡ ಹಡಗುಗಳಲ್ಲಿ ಒಬ್ಬರಿಗೆ ದಿನಕ್ಕೆ 16ರಿಂದ 20 ಡಾಲರ್ ಆಸುಪಾಸು. ದಿನಕ್ಕೆ 18 ಅಂತ ಹಿಡಿದರೂ ಇಬ್ಬರಿಗೆ ನಾಲ್ಕು ರಾತ್ರಿಗೆ 144 ಡಾಲರ್. ಮಕ್ಕಳಿಗೂ ಇದು ಸೇರುತ್ತದೆ. ಟಿಕೆಟ್ ಮಾಡಿಸುವಾಗಲೇ ಕಟ್ಟಿಬಿಟ್ಟರೆ ಕೊನೆಯ ದಿನ ಬಿಲ್ ನೋಡಿ ಗಾಬರಿಯಾಗುವುದಿಲ್ಲ.

ವಿದೇಶದ ಪ್ಯಾಕೇಜ್ ಅನ್ನು ಇಲ್ಲಿನ ಏಜೆಂಟ್ ಹತ್ತಿರ ಮಾಡಿಸಿದರೆ ಟಿಸಿಎಸ್ ಅಂತ ಮೊದಲೇ ಒಂದಿಷ್ಟು ತೆರಿಗೆ ಹಿಡಿಯುತ್ತಾರೆ. ಅದು ಹೋದ ದುಡ್ಡಲ್ಲ, ಆದಾಯ ತೆರಿಗೆ ರಿಟರ್ನ್ಸ್ ಹಾಕುವಾಗ ಲೆಕ್ಕಕ್ಕೆ ಬರುತ್ತದೆ. ರಸೀದಿ ಜೋಪಾನ ಮಾಡಿ.

ಹಡಗಿನಲ್ಲಿ ನಗದು ನಡೆಯುವುದಿಲ್ಲ. ಹತ್ತುವಾಗ ಒಂದು ಕಾರ್ಡ್ ಕೊಡುತ್ತಾರೆ. ಕ್ಯಾಬಿನ್ ಬೀಗ, ಗುರುತಿನ ಚೀಟಿ, ಪರ್ಸು ಎಲ್ಲ ಅದೇ. ಅದನ್ನು ನಿಮ್ಮ ಕ್ರೆಡಿಟ್ ಕಾರ್ಡಿಗೆ ಜೋಡಿಸುತ್ತಾರೆ. ಹೊರಡುವ ಮುಂಚೆ ಬ್ಯಾಂಕಿನ ಆ್ಯಪ್ ತೆರೆದು ಕಾರ್ಡಿನ ವಿದೇಶಿ ವಹಿವಾಟು ಆನ್ ಮಾಡಿ, ಮಿತಿಯನ್ನೂ ನೋಡಿ. ಡೆಬಿಟ್ ಕಾರ್ಡ್ ಕೊಡಬೇಡಿ. ಖರ್ಚಾಗದ ದುಡ್ಡನ್ನೂ ತಡೆಹಿಡಿಯುತ್ತಾರೆ, ಅದು ಬಿಡುಗಡೆಯಾಗಲು ಎಷ್ಟೋ ದಿನ ಬೇಕು. ಬಿಲ್ ರೂಪಾಯಿಯಲ್ಲಿ ಬೇಕಾ ಅಂತ ಕೇಳಿದರೆ ಬೇಡ ಅನ್ನಿ. ಡಾಲರ್‌ನಲ್ಲೇ ಇರಲಿ. ರೂಪಾಯಿಗೆ ಅವರೇ ಬದಲಿಸುವ ದರ ಯಾವಾಗಲೂ ದುಬಾರಿ.

ಪಾನೀಯದ ಪ್ಯಾಕೇಜ್ ಬಗ್ಗೆ ಒಂದೇ ಮಾತು. ಕುಡಿಯದ ಮನೆಯವರಿಗೆ ಅದು ಬೇಡವೇ ಬೇಡ. ನೀರು, ಚಹಾ, ಕಾಫಿ ಬಫೆಯಲ್ಲಿ ಉಚಿತ.

ಹಂತ 4: ಕಾಗದ ಪತ್ರ

ದೇಶದೊಳಗಿನ ಪ್ರಯಾಣಕ್ಕೆ ಆಧಾರ್‌ನಂಥ ಗುರುತಿನ ಚೀಟಿ ಸಾಕು. ಲಕ್ಷದ್ವೀಪಕ್ಕೆ ಮಾತ್ರ ನಮಗೂ ಪ್ರವೇಶ ಪರವಾನಗಿ ಬೇಕು. ಅದಕ್ಕೆ ಕೇಳಿದ ದಾಖಲೆಗಳನ್ನು ತಡಮಾಡದೆ ಕಳಿಸಿ.

ವಿದೇಶಕ್ಕಾದರೆ ಮರಳಿ ಬರುವ ದಿನದಿಂದ ಇನ್ನೂ ಆರು ತಿಂಗಳು ಪಾಸ್‌ಪೋರ್ಟ್ ಚಾಲ್ತಿಯಲ್ಲಿರಬೇಕು. ಜನ ಎಡವುವುದು ವೀಸಾದಲ್ಲಿ. ಸಿಂಗಪುರದಲ್ಲಿ ಇಳಿದು, ಹಡಗು ಹತ್ತಿ ಮಲೇಷ್ಯಾಕ್ಕೆ ಹೋಗಿ, ಮತ್ತೆ ಸಿಂಗಪುರಕ್ಕೆ ಬರುತ್ತೀರಿ. ಅಂದರೆ ಸಿಂಗಪುರಕ್ಕೆ ಎರಡು ಸಲ ಪ್ರವೇಶ. ವೀಸಾ ಒಂದಕ್ಕಿಂತ ಹೆಚ್ಚು ಪ್ರವೇಶಕ್ಕೆ ಇರಬೇಕು. ಗ್ರೀಸ್‌ನಿಂದ ಹೊರಟು ನಡುವೆ ಟರ್ಕಿಯ ಕುಶಾದಸಿ ಮುಟ್ಟಿ ಬರುವ ಹಡಗಿಗೂ ಇದೇ ಕಥೆ. ಒಂದೇ ವೀಸಾ ನಡೆಯುವ ಯುರೋಪಿನ ದೇಶಗಳ ಷೆಂಗೆನ್ ಗುಂಪಿನಲ್ಲಿ ಗ್ರೀಸ್ ಇದೆ, ಟರ್ಕಿ ಇಲ್ಲ. ಷೆಂಗೆನ್ ವೀಸಾಗೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಬೆಂಗಳೂರಿನಲ್ಲಿ ಸ್ಲಾಟ್ ಸಿಗಲಿಲ್ಲ ಅಂತ ಏಪ್ರಿಲ್‌ನಲ್ಲಿ ಪರದಾಡುವುದನ್ನು ನೋಡಿದ್ದೇನೆ. ಜನವರಿಯಲ್ಲೇ ಶುರು ಮಾಡಿ. ನೀವು ಬಂದರಿನಲ್ಲಿ ಇಳಿಯದಿದ್ದರೂ ಆ ದೇಶದ ವೀಸಾ ಕೇಳಬಹುದು. ಹಾಗಾಗಿ ಹಡಗು ಮುಟ್ಟುವ ಪ್ರತಿ ದೇಶದ ನಿಯಮವನ್ನೂ ನೋಡಿ.

ಸಿಂಗಪುರದ ಆಗಮನ ಕಾರ್ಡ್ ಅನ್ನು ಅಲ್ಲಿಗೆ ತಲುಪುವ ಮುಂಚಿನ ಮೂರು ದಿನದೊಳಗೆ ಆನ್‌ಲೈನ್‌ನಲ್ಲಿ ತುಂಬಬೇಕು. ಸರ್ಕಾರಿ ತಾಣದಲ್ಲಿ ಅದಕ್ಕೆ ದುಡ್ಡಿಲ್ಲ. ಐವತ್ತು ಡಾಲರ್ ಕೇಳುವ ಜಾಲತಾಣ ಬಂದರೆ ಅದು ಮೋಸ. ಹಡಗಿನಿಂದ ಮರಳುವಾಗ ಮತ್ತೊಂದು ತುಂಬಬೇಕು, ಇದು ತುಂಬಾ ಜನಕ್ಕೆ ಗೊತ್ತಿಲ್ಲ.

ಪುಟ್ಟ ಮಗು ಆರು ತಿಂಗಳಿಗಿಂತ ಚಿಕ್ಕದಿದ್ದರೆ ಹತ್ತಿಸುವುದಿಲ್ಲ. ದೂರದ ಪ್ರಯಾಣಕ್ಕೆ ಒಂದು ವರ್ಷ ತುಂಬಿರಬೇಕು. ಗರ್ಭಿಣಿಯರಿಗೆ ಬಹುತೇಕ ಕಂಪನಿಗಳು 24 ವಾರದ ಗಡಿ ಇಟ್ಟಿವೆ. ಪ್ರಯಾಣ ವಿಮೆ ಮಾಡಿಸುವಾಗ ಕ್ರೂಸ್ ಅದರಲ್ಲಿ ಸೇರಿದೆಯಾ, ನಡುಸಮುದ್ರದಿಂದ ಆಸ್ಪತ್ರೆಗೆ ಸಾಗಿಸುವ ಖರ್ಚು ಬರುತ್ತಾ ಅಂತ ಓದಿ. ಹಡಗಿನಲ್ಲಿ ಡಾಕ್ಟರ್ ಇರುತ್ತಾರೆ, ಆದರೆ ಫೀಸು ಡಾಲರ್‌ನಲ್ಲಿ.

ಹಂತ 5: ಬ್ಯಾಗ್ ಕಟ್ಟುವುದು

ಬಂದರಿನಲ್ಲಿ ನಿಮ್ಮ ದೊಡ್ಡ ಸೂಟ್‌ಕೇಸನ್ನು ಅವರು ತೆಗೆದುಕೊಳ್ಳುತ್ತಾರೆ. ಅದು ಕ್ಯಾಬಿನ್ ಬಾಗಿಲಿಗೆ ಬರುವಾಗ ಸಂಜೆಯಾಗಬಹುದು, ರಾತ್ರಿಯೂ ಆಗಬಹುದು. ಒಂದು ಸಲ ನಮ್ಮದು ಬಂದದ್ದು ರಾತ್ರಿ ಎಂಟೂವರೆಗೆ. ಅಮ್ಮನ ಬಿಪಿ ಮಾತ್ರೆ, ಸಕ್ಕರೆ ಕಾಯಿಲೆ ಮಾತ್ರೆ ಎರಡೂ ಅದರಲ್ಲೇ ಇದ್ದವು. ಮಾತ್ರೆ ಇಲ್ಲದೆ ಊಟಕ್ಕೆ ಕೂರುವಂತಿಲ್ಲ. ಎಂಟೂವರೆವರೆಗೆ ಅಮ್ಮ ಹಸಿದುಕೊಂಡು ಕಾದರು. ಆ ಸಂಜೆಯನ್ನು ನಾನು ಮರೆತಿಲ್ಲ. ಅಂದಿನಿಂದ ಮಾತ್ರೆ, ಪಾಸ್‌ಪೋರ್ಟ್, ಒಂದು ಜೊತೆ ಬಟ್ಟೆ, ಚಾರ್ಜರ್, ಮಕ್ಕಳ ಈಜುಡುಗೆ ಎಲ್ಲ ಹೆಗಲ ಚೀಲದಲ್ಲಿ.

ನಮ್ಮವರಿಗೆ ಯಾರೂ ಹೇಳದ ವಿಷಯ ಒಂದಿದೆ. ವಿದೇಶಿ ಹಡಗಿನ ಟಾಯ್ಲೆಟ್‌ನಲ್ಲಿ ನೀರಿನ ಪೈಪ್ ಇರುವುದಿಲ್ಲ, ಬರೀ ಕಾಗದ. ಒಂದು ಸಣ್ಣ ಪ್ಲಾಸ್ಟಿಕ್ ಚೊಂಬು ಇಟ್ಟುಕೊಳ್ಳಿ. ವಯಸ್ಸಾದವರಿಗೆ ಇದರಿಂದ ಆಗುವ ನೆಮ್ಮದಿ ದೊಡ್ಡದು.

ಇನ್ನೊಂದು ಅಯಸ್ಕಾಂತದ ಕೊಕ್ಕೆ. ಹಡಗಿನ ಕ್ಯಾಬಿನ್ ಗೋಡೆ ಹೆಚ್ಚಾಗಿ ಉಕ್ಕಿನದು. ಕೊಕ್ಕೆ ಅಂಟಿಸಿದರೆ ಟೋಪಿ, ಚೀಲ, ಒದ್ದೆ ಟವೆಲ್ ಎಲ್ಲ ತೂಗುಹಾಕಬಹುದು. ಚಿಕ್ಕಪೇಟೆ ಕಡೆ ಹೋದಾಗ ಆರು ತಂದಿಟ್ಟುಕೊಂಡಿದ್ದೆ, ಒಂಬತ್ತು ಪ್ರಯಾಣದಲ್ಲಿ ಏಳು ಅವುಗಳ ಜೊತೆಗೇ ಆಗಿವೆ.

ಇಸ್ತ್ರಿ ಪೆಟ್ಟಿಗೆ, ನೀರು ಕಾಯಿಸುವ ಕೆಟಲ್, ಸರ್ಜ್ ಪ್ರೊಟೆಕ್ಟರ್ ಇರುವ ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ. ಹಡಗಿನಲ್ಲಿ ಎಲ್ಲಕ್ಕಿಂತ ದೊಡ್ಡ ಭಯ ಬೆಂಕಿ. ತಪಾಸಣೆಯಲ್ಲಿ ಸಿಕ್ಕರೆ ಎತ್ತಿಟ್ಟುಕೊಂಡು ಕೊನೆಯ ದಿನ ಕೊಡುತ್ತಾರೆ. ಬಿಸಿನೀರಿಗೆ ಒಂದು ಫ್ಲಾಸ್ಕ್ ಒಯ್ಯಿರಿ, ಬಫೆಯಲ್ಲಿ ತುಂಬಿಸಿಕೊಳ್ಳಬಹುದು. ಎಲ್ಲ ದೇಶಕ್ಕೂ ಆಗುವ ಪ್ಲಗ್ ಅಡಾಪ್ಟರ್ ಇರಲಿ.

ತಿಂಡಿಯಲ್ಲಿ ಮನೆಯಲ್ಲಿ ಮಾಡಿದ್ದನ್ನು ಸಾಮಾನ್ಯವಾಗಿ ಒಳಗೆ ಬಿಡುವುದಿಲ್ಲ. ಅಂಗಡಿಯಲ್ಲಿ ಸೀಲ್ ಮಾಡಿದ ಒಣ ತಿಂಡಿಗೆ ತೊಂದರೆ ಇಲ್ಲ. ಗಾಂಧಿಬಜಾರಿನಿಂದ ಕೋಡುಬಳೆ, ಚಟ್ನಿಪುಡಿ ಪ್ಯಾಕೆಟ್ ತೆಗೆದುಕೊಳ್ಳಿ. ಮೂರನೇ ದಿನ ಅನ್ನಕ್ಕೆ ಆ ಚಟ್ನಿಪುಡಿ ಕಲಸಿದಾಗ ಬಾಯಿಗೆ ಜೀವ ಬರುತ್ತದೆ. ಆದರೆ ಹಡಗಿನ ತಿಂಡಿ, ಹಣ್ಣು ಹಿಡಿದು ಬಂದರಿನಲ್ಲಿ ಇಳಿಯಬೇಡಿ. ಕೆಲವು ದೇಶಗಳಲ್ಲಿ ದಂಡ ಹಾಕುತ್ತಾರೆ.

ಒಂದು ರಾತ್ರಿ ಎಲ್ಲರೂ ಚೆನ್ನಾಗಿ ಉಡುಗೆ ತೊಟ್ಟು ಊಟಕ್ಕೆ ಬರುತ್ತಾರೆ. ಅದಕ್ಕೆ ಸೂಟು ಹೊಲಿಸಬೇಕಾಗಿಲ್ಲ. ಮೈಸೂರು ರೇಷ್ಮೆ ಸೀರೆ, ಪಂಚೆ ಶಲ್ಯ ಧಾರಾಳವಾಗಿ ಸಾಕು. ಆ ರಾತ್ರಿ ಅಮ್ಮನ ಸೀರೆಯ ಬಗ್ಗೆ ಕೇಳದ ಜನ ಇಲ್ಲ.

ಹಂತ 6: ಒಂದು ದಿನ ಮುಂಚೆ ತಲುಪಿ

ಹಡಗು ಹೊರಡುವ ದಿನವೇ ವಿಮಾನ ಹತ್ತಬೇಡಿ. ಬೆಂಗಳೂರಿನಲ್ಲಿ ಹೆಬ್ಬಾಳದ ಟ್ರಾಫಿಕ್ಕೇ ಒಂದೂವರೆ ಗಂಟೆ ತಿನ್ನಬಹುದು. ಚಳಿಗಾಲದಲ್ಲಿ ದೇವನಹಳ್ಳಿಯ ಕಡೆ ಬೆಳಗಿನ ಮಂಜಿಗೆ ವಿಮಾನ ತಡವಾಗುತ್ತದೆ. ಒಂದು ರಾತ್ರಿಯ ಹೋಟೆಲ್ ಖರ್ಚನ್ನು ಟಿಕೆಟ್ಟಿನ ಭಾಗ ಅಂತಲೇ ಲೆಕ್ಕ ಹಾಕಿ.

ಮುಂಬೈಗೆ ರೈಲಿನಲ್ಲಿ ಹೋಗುವುದಾದರೆ ಉದ್ಯಾನ್ ಎಕ್ಸ್‌ಪ್ರೆಸ್ ಸುಮಾರು ಒಂದು ದಿನದ ಪ್ರಯಾಣ. ಕ್ರೂಸ್ ಟರ್ಮಿನಲ್ ಇರುವ ಬಲ್ಲಾರ್ಡ್ ಪಿಯರ್ ಆ ರೈಲು ನಿಲ್ಲುವ ಸಿಎಸ್‌ಎಂಟಿ ನಿಲ್ದಾಣಕ್ಕೆ ಹತ್ತಿರ. ಸಿಂಗಪುರದಲ್ಲಿ ಎರಡು ಕ್ರೂಸ್ ಟರ್ಮಿನಲ್ ಇವೆ. 2012ರಲ್ಲಿ ತೆರೆದ ಮರೀನಾ ಬೇ ಒಂದು, ಹಾರ್ಬರ್‌ಫ್ರಂಟ್‌ನಲ್ಲಿ ಇನ್ನೊಂದು. ಟಿಕೆಟ್ಟಿನಲ್ಲಿ ಯಾವುದಿದೆ ನೋಡಿ ಟ್ಯಾಕ್ಸಿಯವರಿಗೆ ಹೆಸರು ಹಿಡಿದು ಹೇಳಿ. ಮೆಟ್ರೋದಲ್ಲಾದರೆ ಮರೀನಾ ಸೌತ್ ಪಿಯರ್ ಸ್ಟೇಷನ್ನಿನಿಂದ ಮರೀನಾ ಬೇಗೆ ನಡೆದೇ ಹೋಗಬಹುದು. ಹಿಂದಿನ ರಾತ್ರಿಯ ಊಟಕ್ಕೆ ಸೆರಂಗೂನ್ ರಸ್ತೆ ಇದ್ದೇ ಇದೆ. 1947ರಿಂದ ಇರುವ ಕೋಮಲ ವಿಲಾಸ್ ಅಲ್ಲಿದೆ, ನಮ್ಮ ಎಂಟಿಆರ್ ಕೂಡ ಅದೇ ರಸ್ತೆಯಲ್ಲಿದೆ.

ಹಂತ 7: ಹತ್ತುವ ದಿನ

ಆನ್‌ಲೈನ್ ಚೆಕ್-ಇನ್ ಮನೆಯಲ್ಲೇ ಮುಗಿಸಿ, ಬೇಗನೆ ಹತ್ತುವ ಸಮಯ ಆರಿಸಿಕೊಳ್ಳಿ. ಮಧ್ಯಾಹ್ನ ಹನ್ನೆರಡಕ್ಕೆ ಹತ್ತಿದರೆ ಬಫೆ ಖಾಲಿ ಇರುತ್ತದೆ, ಹಡಗು ಸುತ್ತಿ ನೋಡಲು ಪೂರ್ತಿ ಸಂಜೆ ಸಿಗುತ್ತದೆ.

ಆಮೇಲೆ ಸುರಕ್ಷತಾ ಡ್ರಿಲ್. ಇದು ಕಡ್ಡಾಯ. ಹಡಗಿನ ಸೈರನ್ ಏಳು ಸಣ್ಣ ಕೂಗು, ಆಮೇಲೆ ಒಂದು ಉದ್ದ ಕೂಗು ಹಾಕಿದರೆ ನಿಮಗೆ ಗೊತ್ತುಮಾಡಿದ ಜಾಗಕ್ಕೆ ಹೋಗಬೇಕು. ಈಗ ಎಷ್ಟೋ ಹಡಗುಗಳಲ್ಲಿ ಮೊಬೈಲಿನಲ್ಲಿ ವಿಡಿಯೋ ನೋಡಿ, ಆ ಜಾಗಕ್ಕೆ ಹೋಗಿ ಕಾರ್ಡ್ ತೋರಿಸಿದರೆ ಮುಗಿಯಿತು. ದಯವಿಟ್ಟು ಇದನ್ನು ಸುಮ್ನೆ ಶಾಸ್ತ್ರಕ್ಕೆ ಮಾಡಬೇಡಿ. 2012ರ ಜನವರಿ 13ರಂದು ಇಟಲಿಯ ಜಿಗ್ಲಿಯೊ ದ್ವೀಪದ ಹತ್ತಿರ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು ಮಗುಚಿದಾಗ 32 ಜನ ಸತ್ತರು. ಆ ಸಂಜೆ ಹತ್ತಿದವರಿಗೆ ಡ್ರಿಲ್ ಇನ್ನೂ ಆಗಿರಲೇ ಇಲ್ಲ. ಹೊರಡುವ ಮುಂಚೆ ಅಥವಾ ಹೊರಟ ಕೂಡಲೇ ಡ್ರಿಲ್ ಆಗಬೇಕು ಅನ್ನುವ ನಿಯಮ ಆಮೇಲೆ ಬಂತು. ನಾನು ಪ್ರತಿ ಸಲ ಅಮ್ಮನ ಕೈ ಹಿಡಿದು ಕ್ಯಾಬಿನ್ನಿನಿಂದ ಆ ಜಾಗಕ್ಕೆ ಮೆಟ್ಟಿಲಿನಲ್ಲೇ ಒಂದು ಸಲ ನಡೆಯುತ್ತೇನೆ. ಅಪಾಯದಲ್ಲಿ ಲಿಫ್ಟ್ ಬಳಸುವಂತಿಲ್ಲ. ಮಕ್ಕಳಿಗೂ ಹಾಗೇ ತೋರಿಸಿ.

ಹಂತ 8: ತಲೆ ಸುತ್ತಿದರೆ

ಹಡಗು 18ರಿಂದ 22 ನಾಟ್ ವೇಗದಲ್ಲಿ ಹೋಗುತ್ತದೆ. ಅಂದರೆ ಗಂಟೆಗೆ 33ರಿಂದ 41 ಕಿಲೋಮೀಟರ್, ನಮ್ಮ ಸ್ಕೂಟರ್ ವೇಗ. ದೊಡ್ಡ ಹಡಗುಗಳಿಗೆ ನೀರಿನೊಳಗೆ ರೆಕ್ಕೆಯಂಥ ಸ್ಟೆಬಿಲೈಸರ್‌ಗಳು ಇರುತ್ತವೆ, ಅವು ವಾಲಾಟ ತಡೆಯುತ್ತವೆ. ಆದರೂ ಕೆಲವರಿಗೆ ಆಗುತ್ತದೆ. ಕಣ್ಣಿಗೆ ಕ್ಯಾಬಿನ್ ಗೋಡೆ ಅಲುಗದೆ ಕಾಣುತ್ತದೆ, ಕಿವಿಯೊಳಗಿನ ಸಮತೋಲನ ಮಾತ್ರ ಅಲುಗುತ್ತಿದೆ ಅನ್ನುತ್ತದೆ. ಆ ಜಗಳವೇ ವಾಕರಿಕೆ.

ಹಾಗಾಗಿ ಕ್ಯಾಬಿನ್ನಿನಲ್ಲಿ ಮಲಗಿ ಮೊಬೈಲ್ ನೋಡಬೇಡಿ. ಎದ್ದು ತೆರೆದ ಡೆಕ್‌ಗೆ, ಹಡಗಿನ ನಡುಭಾಗಕ್ಕೆ ಹೋಗಿ. ದೂರದಲ್ಲಿ ನೀರು ಆಕಾಶ ಸೇರುವ ಗೆರೆಯನ್ನು ನೋಡುತ್ತಾ ನಿಲ್ಲಿ. ಹೊಟ್ಟೆ ಖಾಲಿ ಬಿಡಬೇಡಿ, ಬಿರಿಯುವಷ್ಟೂ ತಿನ್ನಬೇಡಿ. ಒಣ ಬಿಸ್ಕತ್ತು, ಹಸಿರು ಸೇಬು, ಶುಂಠಿ ಮುರಬ್ಬ ಒಳ್ಳೆಯದು. ಅವೋಮಿನ್ ಮಾತ್ರೆಯನ್ನು ವಾಕರಿಕೆ ಶುರುವಾಗುವ ಮುಂಚೆಯೇ ತೆಗೆದುಕೊಂಡರೆ ಕೆಲಸ ಮಾಡುತ್ತದೆ. ಅದು ನಿದ್ದೆ ತರಿಸುತ್ತದೆ. ಗ್ಲಾಕೋಮಾ, ಪ್ರೋಸ್ಟೇಟ್ ತೊಂದರೆ ಇರುವವರು, ಬೇರೆ ಮಾತ್ರೆ ನುಂಗುವವರು ಇಲ್ಲೇ ನಿಮ್ಮ ಡಾಕ್ಟರನ್ನು ಕೇಳಿಕೊಂಡು ಹೋಗಿ.

ಹೊಟ್ಟೆ ಕೆಡುವುದು ಬೇರೆ ಸಂಗತಿ. ನೋರೋವೈರಸ್ ಹಡಗಿನಲ್ಲಿ ಬೇಗ ಹರಡುತ್ತದೆ, ಕೈಗೆ ಹಚ್ಚುವ ಸ್ಯಾನಿಟೈಸರ್ ಅದಕ್ಕೆ ಸರಿಯಾಗಿ ಸಾಲದು. ಊಟಕ್ಕೆ ಮುಂಚೆ ಸೋಪು ಹಚ್ಚಿ ಕೈ ತೊಳೆಯಿರಿ.

ಹಂತ 9: ಊಟ

ಶುದ್ಧ ಸಸ್ಯಾಹಾರ, ಈರುಳ್ಳಿ ಬೆಳ್ಳುಳ್ಳಿ ಇಲ್ಲದ್ದು, ಏನೇ ಇರಲಿ, ಟಿಕೆಟ್ ಮಾಡಿಸುವಾಗ ಬರೆಸಿ. ಹತ್ತಿದ ಮೇಲೆ ಮೊದಲ ರಾತ್ರಿಯೇ ಊಟದ ಹಾಲಿನ ಹೆಡ್ ವೇಟರ್ ಹತ್ತಿರ ಹೋಗಿ ಮತ್ತೆ ಹೇಳಿ. ಬರೆಸಿದ್ದು ಅಡುಗೆಮನೆ ತಲುಪಿರುತ್ತದೆ ಅಂತ ನಂಬಿ ಕೂರಬೇಡಿ. ನಾಳೆಯ ಊಟವನ್ನು ಇವತ್ತೇ ಕೇಳಿದರೆ ಮೆನುವಿನಲ್ಲಿ ಇಲ್ಲದ ಬೇಳೆ, ಪಲ್ಯ, ಚಪಾತಿಯನ್ನೂ ಮಾಡಿಕೊಡುತ್ತಾರೆ. ನಮ್ಮ ಅನುಭವದಲ್ಲಿ ಬಫೆಗಿಂತ ಊಟದ ಹಾಲೇ ವಾಸಿ. ದಿನಾ ಅದೇ ಮೇಜು, ಅದೇ ವೇಟರ್. ಎರಡನೇ ದಿನಕ್ಕೆ ನಿಮ್ಮ ಅಭ್ಯಾಸ ಅವರಿಗೆ ಗೊತ್ತಾಗಿರುತ್ತದೆ.

ಒಂದು ಪ್ರಯಾಣದಲ್ಲಿ ಅಮ್ಮ ಮೇಜಿಗೆ ಕೂತು "ಇದರಲ್ಲಿ ಮೊಟ್ಟೆ ಇರುತ್ತೋ ಏನೋ ಕಣೇ" ಅಂದರು. ನೀರು ಬಡಿಸುತ್ತಿದ್ದ ಹುಡುಗ ಜಗ್ ಹಿಡಿದು ಹಾಗೇ ನಿಂತುಬಿಟ್ಟ. "ಇಲ್ಲ ಅಮ್ಮ, ಮೊಟ್ಟೆ ಇಲ್ಲ. ನೀವು ಬೆಂಗಳೂರಿನವರಾ?" ಕುಂದಾಪುರದ ಕಡೆಯವನು. ಹಡಗಿಗೆ ಬಂದು ಏಳು ತಿಂಗಳಾಗಿತ್ತಂತೆ. ಇನ್ನೂ ಎರಡು ತಿಂಗಳು ಕಳೆದು ಊರಿಗೆ ಹೋಗುವವನು. ಅಮ್ಮ ಅವನ ಕೈಹಿಡಿದು ಮನೆಯಲ್ಲಿ ಯಾರ್‍ಯಾರಿದ್ದಾರೆ ಅಂತ ಕೇಳಿದರು. ಮರುದಿನ ರಾತ್ರಿ ಒಂದು ಪುಟ್ಟ ಬಟ್ಟಲಲ್ಲಿ ತಿಳಿಸಾರು ಬಂತು. ಅಡುಗೆಮನೆಯಲ್ಲಿ ಹೇಳಿ ಮಾಡಿಸಿದ್ದನಂತೆ. ಮೇಲೆ ಕೊತ್ತಂಬರಿ ಸೊಪ್ಪು ತೇಲುತ್ತಿತ್ತು.

ಹಡಗಿನಲ್ಲಿ ನಮ್ಮ ಕರಾವಳಿಯ, ಗೋವಾದ, ಕೇರಳದ ಹುಡುಗರು ತುಂಬಾ ಇದ್ದಾರೆ. ತಿಂಗಳುಗಟ್ಟಲೆ ವಾರದ ರಜೆಯೂ ಇಲ್ಲದೆ ದುಡಿಯುತ್ತಾರೆ. ಚೆನ್ನಾಗಿ ನೋಡಿಕೊಂಡವರ ಹೆಸರನ್ನು ಕೊನೆಯ ದಿನದ ಅಭಿಪ್ರಾಯದ ಫಾರಂನಲ್ಲಿ ಬರೆಯಿರಿ. ಹೆಸರು ಬರೆದರೆ ಅವರ ಮೇಲಿನವರ ಕಣ್ಣಿಗೆ ಬೀಳುತ್ತದೆ. ಅದಕ್ಕೆ ಎರಡು ನಿಮಿಷ ಸಾಕು, ದಯವಿಟ್ಟು ಬಿಡಬೇಡಿ.

ಹಂತ 10: ಬಂದರಿನಲ್ಲಿ ಇಳಿದಾಗ

ಕೆಲವು ಬಂದರಿನಲ್ಲಿ ಹಡಗು ದಡಕ್ಕೇ ಬರುತ್ತದೆ. ಮಲೇಷ್ಯಾದ ಪೆನಾಂಗ್‌ನಲ್ಲಿ ಸ್ವೆಟ್ಟೆನ್‌ಹ್ಯಾಮ್ ಪಿಯರ್‌ನಲ್ಲಿ ಇಳಿದರೆ ಜಾರ್ಜ್ ಟೌನ್ ಪೇಟೆ ಎದುರಿಗೇ. ಲಿಟಲ್ ಇಂಡಿಯಾಗೆ ನಡೆದು ಹೋಗಿ, 1833ರ ಮಹಾಮಾರಿಯಮ್ಮನ ಗುಡಿ ನೋಡಿಕೊಂಡು, ಇಡ್ಲಿ ತಿಂದು ಬರಬಹುದು. ಅಂಥ ಕಡೆ ಹಡಗಿನವರ ಟೂರ್ ಬೇಕಾಗಿಲ್ಲ. ಪೋರ್ಟ್ ಕ್ಲಾಂಗ್‌ನಿಂದ ಕೌಲಾಲಂಪುರ ದೂರ, ರಸ್ತೆಯಲ್ಲಿ ಟ್ರಾಫಿಕ್ಕೂ ಇರುತ್ತದೆ. ಅಲ್ಲಿ ಬಾಟು ಗುಹೆಯ ಮುರುಗನ್ ನೋಡಬೇಕು, 272 ಮೆಟ್ಟಿಲು ಹತ್ತಬೇಕು ಅಂದರೆ ಹಡಗಿನ ಟೂರ್ ತೆಗೆದುಕೊಳ್ಳಿ. ಅವರ ಟೂರಿನ ಬಸ್ ತಡವಾದರೆ ಹಡಗು ಸಾಮಾನ್ಯವಾಗಿ ಕಾಯುತ್ತದೆ. ನೀವೇ ಮಾಡಿಕೊಂಡ ಟ್ಯಾಕ್ಸಿಗೆ ಕಾಯುವುದಿಲ್ಲ.

ಥಾಯ್ಲೆಂಡಿನ ಪುಕೆಟ್‌ನ ಪಟಾಂಗ್‌ನಂಥ ಕಡೆ ಹಡಗು ದೂರದಲ್ಲೇ ಲಂಗರು ಹಾಕುತ್ತದೆ, ಸಣ್ಣ ದೋಣಿಯಲ್ಲಿ ದಡಕ್ಕೆ ಹೋಗಬೇಕು. ದೋಣಿಯ ಸಾಲಿಗೇ ಮುಕ್ಕಾಲು ಗಂಟೆ ಇಟ್ಟುಕೊಳ್ಳಿ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ, ಹಡಗಿನ ಸಮಯ. ಥಾಯ್ಲೆಂಡ್ ಗಡಿಯಾರ ಸಿಂಗಪುರಕ್ಕಿಂತ ಒಂದು ಗಂಟೆ ಹಿಂದೆ. ನಮ್ಮ ಹಡಗು ಸಿಂಗಪುರದ ಸಮಯದಲ್ಲೇ ಓಡುತ್ತಿತ್ತು. ಪಟಾಂಗ್‌ನಲ್ಲಿ ಇಳಿದ ಕೂಡಲೇ ನಮ್ಮ ಮೊಬೈಲುಗಳು ತಾವಾಗಿಯೇ ಥಾಯ್ ಸಮಯಕ್ಕೆ ಬದಲಾಗಿದ್ದವು. ಯಾರೂ ಗಮನಿಸಲಿಲ್ಲ. ಕೊನೆಯ ದೋಣಿ ನಾಲ್ಕಕ್ಕೆ. ನನ್ನ ಮೊಬೈಲಿನಲ್ಲಿ ಎರಡೂವರೆ. ಇನ್ನೂ ಒಂದೂವರೆ ಗಂಟೆ ಇದೆ ಅಂತ ಎಳನೀರು ಹೇಳಿ ನೆರಳಲ್ಲಿ ಕೂತೆವು. ಅಮ್ಮನ ಕೈಯಲ್ಲಿ ಅಪ್ಪನ ಎಚ್‌ಎಂಟಿ ವಾಚ್ ಇತ್ತು. ಅಪ್ಪ ಹೋದ ಮೇಲೆ ಅವರೇ ಅದಕ್ಕೆ ದಿನಾ ಬೆಳಿಗ್ಗೆ ಕೀ ಕೊಟ್ಟು ಕಟ್ಟಿಕೊಳ್ಳುತ್ತಾರೆ. ಅದನ್ನು ಹತ್ತುವ ದಿನ ಹಡಗಿನ ಗಡಿಯಾರ ನೋಡಿ ತಿರುಗಿಸಿಟ್ಟಿದ್ದರು. "ಏನೇ ಇದು, ನಿಮ್ಮಪ್ಪನ ವಾಚಲ್ಲಿ ಮೂರೂವರೆ ಆಗಿದೆಯಲ್ಲೇ" ಅಂದರು. ಎಳನೀರನ್ನು ಅಲ್ಲೇ ಇಟ್ಟು ಎದ್ದೆವು. ದೋಣಿ ಕಟ್ಟೆ ತಲುಪಿದಾಗ ಐದೇ ನಿಮಿಷ ಉಳಿದಿತ್ತು.

ಕೈಗೆ ಮುಳ್ಳಿನ ವಾಚ್ ಕಟ್ಟಿ, ಅದನ್ನು ಹಡಗಿನ ಸಮಯಕ್ಕೆ ಇಟ್ಟು ಮುಟ್ಟದಿರಿ. ಇಳಿಯುವಾಗ ಬಾಗಿಲಲ್ಲಿ ಬರೆದಿಟ್ಟ ಕೊನೆಯ ಸಮಯದ ಫೋಟೋ ತೆಗೆದುಕೊಳ್ಳಿ. ಅದಕ್ಕಿಂತ ಒಂದು ಗಂಟೆ ಮುಂಚೆ ದಡದಲ್ಲಿರಿ. ಬಂದರಿನ ಏಜೆಂಟರ ಫೋನ್ ನಂಬರ್ ಹಡಗಿನ ದಿನದ ಹಾಳೆಯಲ್ಲಿ ಇರುತ್ತದೆ, ಅದೂ ಜೊತೆಗಿರಲಿ.

ಹಂತ 11: ಫೋನ್

ಹಡಗು ದಡ ಬಿಡುವ ಮುಂಚೆ ಏರ್‌ಪ್ಲೇನ್ ಮೋಡ್. ನಡುಸಮುದ್ರದಲ್ಲಿ ಮೊಬೈಲ್ ಹಡಗಿನ ಉಪಗ್ರಹ ನೆಟ್‌ವರ್ಕ್ ಹಿಡಿಯುತ್ತದೆ, ಸಾಮಾನ್ಯ ರೋಮಿಂಗ್ ಪ್ಯಾಕ್ ಅದಕ್ಕೆ ನಡೆಯುವುದಿಲ್ಲ. ನನಗೆ ಒಮ್ಮೆ ನಾಲ್ಕು ಸಾವಿರ ರೂಪಾಯಿ ಬಿಲ್ ಬಂದಿತ್ತು, ಒಂದು ಕರೆಯನ್ನೂ ಮಾಡದೆ. ಮನೆಯವರಿಗೆ ಸಂದೇಶ ಕಳಿಸಲು ಹಡಗಿನ ವೈಫೈ ಒಂದು ಮೊಬೈಲಿಗೆ ತೆಗೆದುಕೊಂಡರೆ ಸಾಕು.

ಹಂತ 12: ಕೊನೆಯ ರಾತ್ರಿ

ಬಣ್ಣದ ಚೀಟಿ ಕಟ್ಟಿದ ಸೂಟ್‌ಕೇಸನ್ನು ರಾತ್ರಿ ಬಾಗಿಲ ಹೊರಗೆ ಇಡಬೇಕು, ಬೆಳಿಗ್ಗೆ ಅದು ಟರ್ಮಿನಲ್‌ನಲ್ಲಿ ಸಿಗುತ್ತದೆ. ಮರುದಿನದ ಬಟ್ಟೆ, ಚಪ್ಪಲಿ, ಹಲ್ಲುಜ್ಜುವ ಬ್ರಷ್, ಮಾತ್ರೆ ತೆಗೆದಿಟ್ಟುಕೊಂಡ ಮೇಲೆಯೇ ಹೊರಗಿಡಿ. ಸಾಮಾನು ಕಡಿಮೆ ಇದ್ದರೆ ನೀವೇ ಹೊತ್ತುಕೊಂಡು ಇಳಿಯಬಹುದು, ಆಗ ಎಲ್ಲರಿಗಿಂತ ಮುಂಚೆ ಬಿಡುತ್ತಾರೆ. ಖರ್ಚಿನ ಪಟ್ಟಿಯನ್ನು ಆ ರಾತ್ರಿಯೇ ನೋಡಿ. ತಪ್ಪಿದ್ದರೆ ಹತ್ತು ಗಂಟೆ ರಾತ್ರಿಗೆ ಕೌಂಟರಿನಲ್ಲಿ ಸಾಲು ಚಿಕ್ಕದು, ಬೆಳಿಗ್ಗೆ ಆರಕ್ಕೆ ಬಾಗಿಲವರೆಗೆ ಇರುತ್ತದೆ.

ವಾಪಸ್ ವಿಮಾನ ಮಧ್ಯಾಹ್ನ ಒಂದಕ್ಕಿಂತ ಮುಂಚೆ ಬೇಡ. ಇಮಿಗ್ರೇಷನ್, ಸಾಮಾನು, ಟ್ಯಾಕ್ಸಿ ಎಲ್ಲ ಸೇರಿ ಬೆಳಗು ಕಳೆದೇ ಹೋಗುತ್ತದೆ.

ಮನೆಗೆ ಬಂದ ಮೇಲೂ ಒಂದೆರಡು ದಿನ ನೆಲ ತೂಗಿದ ಹಾಗೆ ಅನಿಸಬಹುದು. ದೇಹ ಹಡಗಿನ ಅಲುಗಾಟಕ್ಕೆ ಒಗ್ಗಿಹೋಗಿರುತ್ತದೆ, ಅಷ್ಟೇ. ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದಾಗ ಜಾಸ್ತಿ, ಆಗ ಗೋಡೆ ಹಿಡಿದುಕೊಳ್ಳಿ. ವಾರವಾದರೂ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ಅಮ್ಮನಿಗೆ ಎರಡು ದಿನ ಇತ್ತು. ಸೋಮವಾರ ಬೆಳಿಗ್ಗೆ ಒಗ್ಗರಣೆ ಹಾಕುತ್ತಾ ಅಡುಗೆಮನೆ ಕಟ್ಟೆ ಹಿಡಿದು ನಿಂತು, "ಇನ್ನೂ ಹಡಗಲ್ಲೇ ಇದ್ದ ಹಾಗಿದೆ ಕಣೇ" ಅಂದರು. ಮಂಗಳವಾರಕ್ಕೆ ಸರಿಹೋಯಿತು.